ನಾರ್ಫಕ್ ಮನೆತನ ವಿಚಾರಿಸಿದ ಕಥೆ

ಸತ್ತವರನ್ನು ಅವರ ಪಾಡಿಗೆ ಬಿಡಬೇಕು ಅಂತ ನನಗೂ ಗೊತ್ತು. ಆದರೆ ನನಗೆ ಸಂಬಳ ಬರುತ್ತಿದ್ದದ್ದೇ ಅವರನ್ನು ಎಬ್ಬಿಸುವುದಕ್ಕೆ. ಹಾಗಾಗಿ ಇಂಥ ಪ್ರಸಂಗಗಳು ನನ್ನ ಮೇಜು ಹುಡುಕಿಕೊಂಡು ಬರುತ್ತಿದ್ದವೇ ಹೊರತು ನಾನಾಗಿ ಯಾವುದನ್ನೂ ಕರೆದವಳಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾವು ಟೆಕ್ಸಸ್ಸಿನ ಫ್ಲವರ್ ಮೌಂಡ್‌ಗೆ ಶಿಫ್ಟ್ ಆಗಿದ್ದೆವು. ನಮ್ಮ ಮನೆಯವರಿಗೆ ಲಾಸ್ ಕೊಲಿನಾಸ್‌ನಲ್ಲಿ ಕನ್ಸಲ್ಟಿಂಗ್ ಕೆಲಸ. ನನಗೆ ವರ್ಕ್ ಪರ್ಮಿಟ್ ಬಂದ ಮೇಲೆ, ಮೈಸೂರಿನಲ್ಲಿ ಮಾಡಿದ್ದ ಇತಿಹಾಸದ ಎಂ.ಎ. ಸರ್ಟಿಫಿಕೇಟಿನ ಧೂಳು ಕೊಡವಿ, ಡಾಲಸ್ ಪಕ್ಕದ ಒಂದು ಪಬ್ಲಿಕ್ ಲೈಬ್ರರಿಯಲ್ಲಿ ಪಾರ್ಟ್‌ಟೈಮ್ ಸೇರಿದೆ. ಎರಡನೇ ಮಹಡಿಯಲ್ಲಿ ಕಿಟಕಿಯಿಲ್ಲದ ಕೋಣೆ, ಅದರಲ್ಲಿ ನಾಲ್ಕು ಮೈಕ್ರೋಫಿಲ್ಮ್ ಯಂತ್ರ. ತಮ್ಮ ಪೂರ್ವಜರು ಇಂಗ್ಲೆಂಡಿನ ಯಾವ ಹಳ್ಳಿಯಿಂದ ಹಡಗು ಹತ್ತಿದರು ಅಂತ ಹುಡುಕಲು ಜನ ಅಲ್ಲಿಗೆ ಬರುತ್ತಿದ್ದರು. ಹಳ್ಳಿಯ ಚರ್ಚಿನ ಪುಸ್ತಕದಲ್ಲಿ ಯಾರ ಮಗುವಿಗೆ ಹೆಸರಿಟ್ಟರು, ಯಾರು ಯಾರನ್ನು ಮದುವೆಯಾದರು, ಯಾರನ್ನು ಮಣ್ಣು ಮಾಡಿದರು ಅಂತ ಇರುತ್ತಿತ್ತು. ಹತ್ತು ವರ್ಷಕ್ಕೊಮ್ಮೆಯ ಜನಗಣತಿಯಲ್ಲಿ ಮನೆಯಲ್ಲಿ ಯಾರು ಯಾರಿದ್ದರು, ವಯಸ್ಸೆಷ್ಟು, ಕೆಲಸವೇನು ಅಂತ ಇರುತ್ತಿತ್ತು. ನಮ್ಮಲ್ಲಿಲ್ಲದ ರೀಲು ಬೇಕಿದ್ದರೆ ಯೂಟಾದ ದೊಡ್ಡ ವಂಶಾವಳಿ ಸಂಗ್ರಹಕ್ಕೆ ಬರೆದು ತರಿಸಬೇಕು, ಮೂರು ವಾರ ಕಾಯಬೇಕು.

ಸೇರಿದ ದಿನ ನನ್ನ ಮೇಲಧಿಕಾರಿ ಹೇಳಿಕೊಟ್ಟ ನಿಯಮ ಒಂದೇ. ಬದುಕಿರುವವರ ವಿಷಯ ಯಾರು ಕೇಳಿದರೂ ಬಾಯಿ ಬಿಡಬೇಡ. ಸತ್ತವರದ್ದು ಯಾರು ಕೇಳಿದರೂ ಹೇಳು. ಬದುಕಿರುವವರಿಂದ ತೊಂದರೆ ಬರುತ್ತದೆ, ಸತ್ತವರಿಂದ ಬರುವುದಿಲ್ಲ ಅಂತ ಆಕೆಯ ನಂಬಿಕೆ. ಆಕೆಗೆ ನಮ್ಮ ಹೂಸ್ಟನ್ ಆಂಟಿ ಗೊತ್ತಿರಲಿಲ್ಲ.

1. ನಮ್ಮ ಸರದಿ

ಮೊದಲ ವಾರ ಬಂದವರು ಒಬ್ಬ ರಿಟೈರ್ಡ್ ಮನುಷ್ಯ. ಕಾಲಿಗೆ ಬೂಟು, ಸೊಂಟಕ್ಕೆ ಅಂಗೈಯಗಲದ ಬಕಲ್, ಕಂಕುಳಲ್ಲಿ ಫೈಲು. ನನ್ನ ಹಣೆಯ ಬೊಟ್ಟು ನೋಡಿದರು, ಕತ್ತಿನ ಕರಿಮಣಿ ನೋಡಿದರು, ನನ್ನ ಹಿಂದೆ ಬೇರೆ ಯಾರಾದರೂ ಇದ್ದಾರಾ ಅಂತ ನೋಡಿದರು.

"ಇಂಗ್ಲಿಷ್ ಚರ್ಚಿನ ದಾಖಲೆ ನೋಡೋರು ಇವತ್ತು ರಜೆಯಾ?"

"ನಾನೇ ನೋಡೋದು. ಕೂತ್ಕೊಳ್ಳಿ."

ಕೂತರು. ಆದರೆ ಫೈಲಿನ ಮೇಲೆ ಹ್ಯಾಟು ಮುಚ್ಚಿಟ್ಟುಕೊಂಡು ಕೂತರು. ಯಂತ್ರದಲ್ಲಿ ಒಂದು ಪುಟ ಬಂತು. ಪಾದ್ರಿಯ ಕೈಬರಹ, ಇರುವೆ ಶಾಯಿಯಲ್ಲಿ ಬಿದ್ದೆದ್ದು ಓಡಾಡಿದ ಹಾಗೆ. ಅವರು ಹತ್ತು ನಿಮಿಷ ಕಣ್ಣು ಕಿರಿದು ಮಾಡಿ ನೋಡಿ ಸೋತರು. ನಾನು ಗಡಗಡ ಓದಿದೆ. ನಮ್ಮಪ್ಪ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನಕಲು ಗುಮಾಸ್ತರಾಗಿದ್ದವರು. ಬೇಸಿಗೆ ರಜೆಯಲ್ಲಿ ಹಳೇ ಕ್ರಯಪತ್ರಗಳನ್ನು ಓದಿಸಿ ಓದಿಸಿ ನನ್ನ ಕಣ್ಣಿಗೆ ಎಂಥ ಅಕ್ಷರವೂ ಅಕ್ಷರವೇ.

ಅವರ ಅನುಮಾನ ಕಮ್ಮಿಯಾಗುವ ಬದಲು ಜಾಸ್ತಿಯಾಯಿತು. "ನಮ್ಮವರ ಬರಹ ನಿಮಗೆ ಹೇಗೆ ಇಷ್ಟು ಚೆನ್ನಾಗಿ ಗೊತ್ತು?"

"ನಿಮ್ಮವರು ನಮ್ಮ ಊರಲ್ಲಿ ಕೂತು ತಲೆತಲಾಂತರ ನಮ್ಮ ಮನೆ ಮನೆ ಲೆಕ್ಕ ಬರೆದುಕೊಂಡರಲ್ಲ," ಅಂದೆ, "ಈಗ ನಮ್ಮ ಸರದಿ."

ಹ್ಯಾಟು ತೆಗೆದು ತಲೆಗೆ ಹಾಕಿಕೊಂಡರು. ಫೈಲನ್ನು ಮಾತ್ರ ಮಡಿಲಿಗೆ ಎಳೆದುಕೊಂಡರು.

2. ವಿಚಾರಿಸೋದು

ಆಂಟಿಯ ಫೋನು ಬಂದದ್ದು ಯುಗಾದಿಯಾದ ಮರುವಾರ. ಹೂಸ್ಟನ್‌ನಲ್ಲಿ ಅಂಕಲ್ ಮಕ್ಕಳ ಡಾಕ್ಟರಾಗಿದ್ದು ರಿಟೈರ್ ಆದವರು. ಇಬ್ಬರೂ ಮೈಸೂರು ಕಡೆಯವರು, ನಾನು ಹುಟ್ಟಿದಾಗಿನಿಂದ ನಮ್ಮ ತಾಯಿಗೆ ಪರಿಚಯ. ಒಬ್ಬಳೇ ಮಗಳು, ಆಸ್ಟಿನ್‌ನಲ್ಲಿ ಕೆಲಸ. ಆಂಟಿ ಹಲೋ ಅನ್ನಲಿಲ್ಲ.

"ಏನಮ್ಮ, ಇಂಗ್ಲೆಂಡಿನೋರ ಪೂರ್ವೋತ್ತರ ಎಲ್ಲ ನಿನ್ನ ಹತ್ರ ಇದೆಯಂತೆ?"

"ಲೈಬ್ರರಿ ಹತ್ರ ಇದೆ ಆಂಟಿ. ಯಾಕೆ?"

"ಇವಳು ಒಬ್ಬನ್ನ ಹುಡುಕ್ಕೊಂಡಿದಾಳೆ. ಬಿಳೀ ಹುಡುಗ. ನೋಡೋಕೆ ಚೆನ್ನಾಗಿದಾನೆ. ಎರಡು ಸಲ ಊಟಕ್ಕೆ ಬಂದಿದ್ದ, ಸಾರು ಎರಡು ಸಲ ಹಾಕಿಸ್ಕೊಂಡ, ತಟ್ಟೆ ತಾನೇ ತೊಳೆದ. ಇಷ್ಟು ಒಳ್ಳೆಯವನು ಅಂದ್ರೆ ಏನೋ ಇರಲೇಬೇಕು."

ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಹುಡುಗನ ಮನೆತನ ವಿಚಾರಿಸುವುದು ಗೊತ್ತಲ್ಲ. ಅವರ ಬೀದಿಯಲ್ಲಿ ನಮ್ಮವರು ಯಾರಿದ್ದಾರೆ, ಅವರ ಆಫೀಸಿನಲ್ಲಿ ಯಾರಿದ್ದಾರೆ, ಎದುರು ಮನೆಯವರಿಗೆ ನಮ್ಮ ನಾದಿನಿಯ ಓರಗಿತ್ತಿ ಏನಾಗಬೇಕು ಅಂತೆಲ್ಲ ಹಿಡಿದುಕೊಂಡು ಹೋಗಿ, ಕಾಫಿ ಕುಡಿಯುತ್ತಾ ಮೂರು ತಲೆಮಾರು ಕೆದಕಿ ಬರುತ್ತಾರೆ. ಆಂಟಿಯ ಸಂಕಟ ಏನೆಂದರೆ ಈ ಹುಡುಗನ ಬೀದಿಯಲ್ಲಿ ನಮ್ಮವರು ಯಾರೂ ಇರಲಿಲ್ಲ.

"ಅವನ ಅಜ್ಜಿ ಕಡೆಯೋರು ನಾರ್ಫಕ್ ಅನ್ನೋ ಕಡೆ ಒಂದು ಹಳ್ಳಿಯಿಂದ ಬಂದೋರಂತೆ. ಅಜ್ಜಿಯ ಮುತ್ತಾತ. ಹೆಸರು, ಊರು ಎಲ್ಲ ಇವಳ ಬಾಯಿಂದ ಹೊರಡಿಸಿದೀನಿ. ಬರ್ಕೋ."

"ಬದುಕಿರೋರ ವಿಷಯ ನಾನು ನೋಡೋ ಹಾಗಿಲ್ಲ ಆಂಟಿ."

"ಬದುಕಿರೋರು ಯಾರಿಗೆ ಬೇಕು? ಎದುರಿಗೆ ಸಿಕ್ಕಾಗ ಎಲ್ಲಾರೂ ಒಳ್ಳೆಯವರೇ. ಸತ್ತೋರನ್ನ ನೋಡು. ಅವರು ಎದ್ದು ಬಂದು ಮುಚ್ಚಿಹಾಕೋಕೆ ಆಗಲ್ಲ."

ಮಗಳು ಹಟ ಮಾಡುವವಳಲ್ಲ. ಅಮ್ಮ ಬೇಡ ಅಂದರೆ ಮದುವೆಯಾಗೋದಿಲ್ಲ, ಆದರೆ ಬೇರೆ ಯಾರನ್ನೂ ಆಗೋದಿಲ್ಲ ಅಂತ ತಣ್ಣಗೆ ಹೇಳಿಬಿಟ್ಟಿದ್ದಳು. ಆಂಟಿ ಒಪ್ಪುವುದು ಬಿಡುವುದು ಈಗ ನನ್ನ ರೀಲುಗಳ ಮೇಲೆ ನಿಂತಿತ್ತು. ಆಗ ಅದೇ ಲೈನಿನಲ್ಲಿ ಇನ್ನೊಂದು ದನಿ ಬಂತು. ಅಂಕಲ್, ಬೆಡ್‌ರೂಮಿನ ಫೋನೆತ್ತಿಕೊಂಡು ಮೊದಲಿನಿಂದ ಕೇಳುತ್ತಿದ್ದರು.

"ನನ್ನನ್ನ ಯಾರಾದ್ರೂ ಹೀಗೆ ವಿಚಾರಿಸಿದ್ರಾ ಅಂತ ಕೇಳಮ್ಮ ಅವಳನ್ನ."

"ನೀವು ಫೋನ್ ಇಡಿ," ಅಂದರು ಆಂಟಿ.

3. ಹತ್ತು ವರ್ಷಕ್ಕೆ ಏಳು ವಯಸ್ಸು

ಮೊದಲ ರೀಲಿನಲ್ಲಿ ಮನೆ ಸಿಕ್ಕಿತು. ಮುತ್ತಾತನ ತಾಯಿ, ತಂದೆ, ಮಕ್ಕಳು, ಸಾಲಾಗಿ. ಆದರೆ ಆ ತಾಯಿ ಒಂದು ಗಣತಿಯಲ್ಲಿ ನಲವತ್ತೊಂದು, ಹತ್ತು ವರ್ಷ ಬಿಟ್ಟು ಮುಂದಿನ ಗಣತಿಯಲ್ಲಿ ನಲವತ್ತೆಂಟು. ಅದರ ಮುಂದಿನದರಲ್ಲಿ ಐವತ್ತನಾಲ್ಕು. ಇದು ನಮ್ಮ ಕೋಣೆಯಲ್ಲಿ ದಿನಾ ನೋಡುವ ಸಂಗತಿ. ಇಂಗ್ಲೆಂಡಿನ ಅರ್ಧ ಹೆಂಗಸರಿಗೆ ಹತ್ತು ವರ್ಷ ಕಳೆದರೆ ಏಳು ವಯಸ್ಸಾಗುತ್ತಿತ್ತು. ಆಂಟಿಗೆ ನಗುತ್ತಾ ಹೇಳಿದೆ. ಅದೇ ತಪ್ಪಾಯಿತು.

"ನೋಡಿದ್ಯಾ? ಸುಳ್ಳು ಹೇಳೋ ವಂಶ."

"ಆಂಟಿ, ಗಣತಿಯವನು ಬಾಗಿಲಲ್ಲಿ ನಿಂತು ಕೇಳಿರ್ತಾನೆ, ಪಕ್ಕದ ಮನೆಯವಳು ಕಿವಿಗೊಟ್ಟು ನಿಂತಿರ್ತಾಳೆ..."

"ಸರ್ಕಾರದೋರ ಹತ್ರ ಸುಳ್ಳು ಹೇಳಿದೋಳು ಬೀಗರ ಹತ್ರ ನಿಜ ಹೇಳ್ತಾಳಾ? ನಮ್ಮಜ್ಜಿ ಇದಾರಲ್ಲ, ಅದೇ ನಮ್ಮತ್ತೆ, ಅವರು ವಯಸ್ಸು ಹೇಳೋವಾಗ ಒಂದು ದಿನ ಹಿಂದೆ ಮುಂದೆ ಮಾಡಿದೋರಲ್ಲ."

ಅತ್ತೆಯನ್ನು ಅಜ್ಜಿ ಅಂದದ್ದು ಕಿವಿಗೆ ಬಿತ್ತು. ಮಗಳು ಕರೆಯುವ ಹಾಗೆ ಕರೆದು ರೂಢಿಯಾಗಿರಬೇಕು ಅಂದುಕೊಂಡು ಬಿಟ್ಟೆ.

ಬೆಡ್‌ರೂಮಿನ ಫೋನಿನಿಂದ ಅಂಕಲ್ ಕೆಮ್ಮಿದರು. "ನನ್ನ ಪಾಸ್‌ಪೋರ್ಟಲ್ಲಿ ಹುಟ್ಟಿದ ದಿನ ಜೂನ್ ಒಂದು."

"ಅದಕ್ಕೇನೀಗ?"

"ನಮ್ಮಣ್ಣಂದೂ ಜೂನ್ ಒಂದು. ನಮ್ಮಕ್ಕಂದೂ ಜೂನ್ ಒಂದು. ಸ್ಕೂಲಿಗೆ ಸೇರಿಸೋವಾಗ ಮೇಷ್ಟ್ರು ಏನು ಬರ್ಕೊಂಡ್ರೋ ಅದೇ. ನಮ್ಮಮ್ಮನ ಹೆರಿಗೆ ಎಲ್ಲಾ ಬೇಸಿಗೆ ರಜಾ ಮುಗಿದ ದಿನವೇ ಆಗಿರೋದು. ಇದನ್ನ ಆ ಹುಡುಗನ ಮನೆಯೋರು ನೋಡಿದ್ರೆ ಏನಂದುಕೋತಾರೆ?"

ಆಂಟಿ ನನಗೆ ಹೇಳಿದರು: "ಅವರಿಗೆ ತೋರಿಸಬೇಡ."

4. ಗಟ್ಟಿ ವಂಶ

ಚರ್ಚಿನ ರೀಲಿನಲ್ಲಿ ಅದೇ ತಾಯಿಯ ಮದುವೆ ಸಿಕ್ಕಿತು. ಗಂಡು ಹೆಣ್ಣು ಇಬ್ಬರೂ ಸಹಿಯ ಜಾಗದಲ್ಲಿ ಕ್ರಾಸ್ ಗುರುತು ಹಾಕಿದ್ದರು. ಅದಾದ ಮೂರೇ ತಿಂಗಳಿಗೆ, ನಾಮಕರಣದ ಪುಟದಲ್ಲಿ, ಮುತ್ತಾತ.

ಈ ಸಲ ಹೇಳಬಾರದು ಅಂತ ನಿರ್ಧಾರ ಮಾಡಿದ್ದೆ. ಆದರೆ ಆಂಟಿ ತಾರೀಖು ಕೇಳಿದರು. ಮದುವೆಯದ್ದು ಹೇಳಿದೆ. ಮಗುವಿನದ್ದು ಕೇಳಿದರು. ಸ್ವಲ್ಪ ಗೊಣಗಿದೆ. ಆಂಟಿ ಬೆರಳೆಣಿಸುವುದು ಫೋನಿನಲ್ಲೂ ಗೊತ್ತಾಗುತ್ತಿತ್ತು. ಎಣಿಕೆ ಮೂರು ಬೆರಳಿಗೇ ನಿಂತುಹೋಯಿತು.

"ರೀ, ಕೇಳಿಸ್ತಾ ನಿಮಗೆ?"

"ಕೇಳಿಸ್ತು," ಅಂದರು ಅಂಕಲ್. "ನಲವತ್ತು ವರ್ಷ ಮಕ್ಕಳ ಡಾಕ್ಟರಾಗಿ ಹೇಳ್ತಿದೀನಿ ಕೇಳು. ಮೂರು ತಿಂಗಳಿಗೆ ಹುಟ್ಟಿ, ಬದುಕಿಕೊಂಡು, ಹಡಗು ಹತ್ತಿ ಅಮೆರಿಕಾಕ್ಕೆ ಬಂದ ಅಂದ್ರೆ ಅದು ಬಹಳ ಗಟ್ಟಿ ವಂಶ. ಕಣ್ಣು ಮುಚ್ಚಿಕೊಂಡು ಕೊಡು."

5. ಜೈಲು

ಇದು ಪೂರ್ತಿ ನನ್ನ ತಪ್ಪು. ಬೆಳೆದು ದೊಡ್ಡವನಾದ ಮೇಲೆ ಮುತ್ತಾತ ಎಲ್ಲಿದ್ದ ಅಂತ ಗೊತ್ತಾಗಿರಲಿಲ್ಲ. ಗಣತಿಗೆ ಯಾರೋ ಪುಣ್ಯಾತ್ಮರು ಮಾಡಿದ ಹೆಸರುಗಳ ಪಟ್ಟಿಯೊಂದು ನಮ್ಮಲ್ಲಿತ್ತು. ಅದರಲ್ಲಿ ಹೆಸರು, ವಯಸ್ಸು, ಗಣತಿಯ ದಿನ ಎಲ್ಲಿದ್ದ ಅಂತ ಮಾತ್ರ ಇರುತ್ತದೆ. ಮುತ್ತಾತನ ಹೆಸರಿನ ಮುಂದೆ ಇದ್ದದ್ದು: ಜಿಲ್ಲಾ ಜೈಲು.

ಆ ಹೊತ್ತಿಗೆ ಸರಿಯಾಗಿ ಆಂಟಿ ಲೈಬ್ರರಿಗೇ ಫೋನ್ ಮಾಡಬೇಕೆ. "ಏನಾದ್ರೂ ಸಿಕ್ತಾ?" ಅಂದರು. "ಇಲ್ಲ" ಅನ್ನುವುದಕ್ಕೆ ಮುಂಚೆ ಅರ್ಧ ಸೆಕೆಂಡು ತಡೆದೆ. ಆ ಅರ್ಧ ಸೆಕೆಂಡು ಸಾಕಾಯಿತು. ಹತ್ತು ನಿಮಿಷದಲ್ಲಿ ಎಲ್ಲ ಹೊರಗೆ.

ಆಂಟಿ ಕೂಗಾಡಲಿಲ್ಲ. ಅದೇ ನನಗೆ ಭಯವಾದದ್ದು. "ಹೇಳ್ಲಿಲ್ವಾ ನಾನು. ತಟ್ಟೆ ತೊಳೆಯೋದು ನೋಡಿದಾಗಲೇ ಅಂದುಕೊಂಡೆ. ಜೈಲಲ್ಲಿ ಅವರವರ ತಟ್ಟೆ ಅವರೇ ತೊಳೀಬೇಕು."

"ಆಂಟಿ, ಅದು ನೂರೈವತ್ತು ವರ್ಷದ ಹಿಂದೆ..."

"ರಕ್ತದಲ್ಲಿ ಬಂದಿರತ್ತೆ."

ಪೂರ್ತಿ ಪುಟ ನೋಡದೆ ಯಾವುದನ್ನೂ ನಂಬಬೇಡಿ ಅಂದೆ. ಯೂಟಾಕ್ಕೆ ಬರೆದೆ. ರೀಲು ಬರಲು ಮೂರು ವಾರ. ಆ ಮೂರು ವಾರ ಆಂಟಿ ಮಗಳ ಜೊತೆ ಅಡುಗೆ, ಹವಾಮಾನ ಬಿಟ್ಟು ಬೇರೆ ಮಾತಾಡಲಿಲ್ಲವಂತೆ. ಸಂಕಷ್ಟಿ ಮಾಡಿದರಂತೆ. ಅಂಕಲ್ ನನಗೆ ಗುಟ್ಟಾಗಿ ಫೋನ್ ಮಾಡಿ, "ಕೊಲೆ ಆಗಿದ್ರೆ ಕಳ್ಳತನ ಅಂತ ಹೇಳಿಬಿಡಮ್ಮ, ನಾನು ಹೇಗೋ ಒಪ್ಪಿಸ್ತೀನಿ," ಅಂದರು.

ರೀಲು ಬಂತು. ಯಂತ್ರಕ್ಕೆ ಹಾಕಿ ತಿರುಗಿಸಿದೆ. ಜೈಲಿನ ಪಟ್ಟಿ ಶುರುವಾಗುವುದೇ ಅಲ್ಲಿ ಕೆಲಸ ಮಾಡುವವರಿಂದ. ಗವರ್ನರ್ ಅನ್ನಿಸಿಕೊಂಡ ಜೈಲಿನ ಮುಖ್ಯಸ್ಥ, ಅವನ ಹೆಂಡತಿ, ಅಡುಗೆಯವಳು, ಆಮೇಲೆ ಕಾವಲುಗಾರರು. ಮೂರನೇ ಕಾವಲುಗಾರ ನಮ್ಮ ಮುತ್ತಾತ. ಕೈದಿಗಳು ಬರುವುದು ಅದರ ಮುಂದಿನ ಪುಟದಿಂದ.

ಅಲ್ಲಿಂದಲೇ ಫೋನ್ ಮಾಡಿದೆ. "ಆಂಟಿ, ಅವನು ಕೈದಿ ಅಲ್ಲ. ವಾರ್ಡರ್. ಜೈಲು ಕಾಯೋ ಕೆಲಸ."

ಆ ಕಡೆಯಿಂದ ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ದನಿಯೇ ಬೇರೆಯಾಯಿತು.

"ಹಾಗಾದ್ರೆ ಗವರ್ನಮೆಂಟ್ ಕೆಲಸ ಅನ್ನು. ಪರ್ಮನೆಂಟಾ?"

6. ಗಿಫ್ಟು

ಮಗಳಿಗೆ ಹೇಗೋ ಗೊತ್ತಾಯಿತು. ಆಸ್ಟಿನ್‌ನಿಂದ ನನಗೇ ಫೋನ್ ಮಾಡಿದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಅರ್ಧ ಇಂಗ್ಲಿಷು.

"ಆಂಟಿ, ಈಸ್ ಇಟ್ ಟ್ರೂ? ಮಾಮ್ ಅವನ ಫ್ಯಾಮಿಲಿ ಟ್ರೀ ಮಾಡಿಸ್ತಿದಾಳಾ?"

"ಹೂಂ ಕಣಮ್ಮ. ಸಿಟ್ಟು ಮಾಡ್ಕೋಬೇಡ."

"ನಾನಲ್ಲ. ಹಿ ಈಸ್ ಕ್ರೈಯಿಂಗ್."

"ಬೇಜಾರಾಯ್ತಾ ಅವನಿಗೆ?"

"ನೋ, ನೋ. ಹ್ಯಾಪಿ ಕ್ರೈಯಿಂಗ್. ಹಿ ಥಿಂಕ್ಸ್ ಇಟ್ಸ್ ಎ ಗಿಫ್ಟ್. ತನ್ನ ಫ್ಯಾಮಿಲಿ ಬಗ್ಗೆ ಇಷ್ಟೊಂದು ಇಂಟರೆಸ್ಟ್ ಯಾರೂ ತಗೊಂಡಿಲ್ಲ ಅಂತೆ. ಅವನ ಗ್ರ್ಯಾಂಡ್ಮಾಗೂ ಹೇಳಿಬಿಟ್ಟಿದಾನೆ."

ಮರುದಿನ ಆಂಟಿಯ ಮನೆಗೆ ಆ ಹುಡುಗನಿಂದ ಥ್ಯಾಂಕ್ಯೂ ಕಾರ್ಡು ಬಂತು, ಹೂವಿನ ಚಿತ್ರ, ಒಳಗೆ ಎರಡು ಪುಟ ಕಾಗದ. ಆಂಟಿ ನನಗೆ ಓದಿ ಹೇಳಿದರು. ಕೊನೆಗೆ ಕೇಳಿದರು: "ವಿಚಾರಿಸಿದ್ದಕ್ಕೆ ಥ್ಯಾಂಕ್ಸ್ ಹೇಳೋರನ್ನ ಎಲ್ಲಾದ್ರೂ ಕೇಳಿದ್ಯಾ? ನನಗೆ ಸರಿ ಕಾಣಲ್ಲಮ್ಮ ಇದು."

7. ಕುದುರೆ ಕಳ್ಳ

ಆ ವಾರವೇ ಹುಡುಗನ ಅಜ್ಜಿ ಲೈಬ್ರರಿಗೆ ಬಂದರು. ಡಾಲಸ್‌ನಲ್ಲೇ ಇದ್ದವರು. ಎಂಬತ್ತಕ್ಕೆ ಹತ್ತಿರ, ಬೆನ್ನು ನೆಟ್ಟಗೆ, ಕೈಚೀಲದಲ್ಲಿ ಭೂತಗನ್ನಡಿ. ಬಂದವರೇ ಬಾಗಿಲು ಹಾಕಿದರು.

"ನನ್ನ ಮುತ್ತಾತನನ್ನು ಕೆದಕುತ್ತಿರುವವರು ನೀವೇನಾ?"

ನಾನೇ ಅಂದೆ.

"ಆ ಹುಡುಗಿಯ ಮನೆಯವರಿಗೆ ಎಷ್ಟು ಹೇಳಿದ್ದೀರಿ? ಜೈಲಿನ ವಿಷಯ ಹೇಳಿದಿರಾ?"

ಹೇಳಿದ್ದೇನೆ ಅಂತ ಒಪ್ಪಿಕೊಂಡೆ. ಬೈಸಿಕೊಳ್ಳಲು ತಯಾರಾಗಿ ಕೂತೆ. ಆಕೆ ಕುರ್ಚಿ ಹತ್ತಿರ ಎಳೆದುಕೊಂಡು ಮೆಲ್ಲಗೆ ಕೇಳಿದರು: "ಯಾವ ಕುದುರೆ ಅಂತ ಏನಾದರೂ ಬರೆದಿದೆಯಾ?"

ವಿಷಯ ಏನೆಂದರೆ, ಅವರ ಮನೆಯಲ್ಲಿ ಮೂರು ತಲೆಮಾರಿನಿಂದ ಮುತ್ತಾತ ಕುದುರೆ ಕದ್ದು, ಜೈಲು ಸೇರಿ, ತಪ್ಪಿಸಿಕೊಂಡು, ಟೆಕ್ಸಸ್ಸಿಗೆ ಓಡಿಬಂದ ಅಂತ ಕಥೆ. ಪ್ರತಿ ಕ್ರಿಸ್‌ಮಸ್‌ಗೆ ಮಕ್ಕಳಿಗೆ ಹೇಳುತ್ತಿದ್ದರಂತೆ. ಪುಟ ತೋರಿಸಿದೆ. ಭೂತಗನ್ನಡಿ ಹಿಡಿದು ಆಕೆ ಆ ಸಾಲನ್ನು ಮೂರು ಸಲ ಓದಿದರು. ಮುಖ ಬಾಡಿಹೋಯಿತು.

"ಕಾವಲುಗಾರ," ಅಂದರು. "ಬರೀ ಕಾವಲುಗಾರ."

"ಪರ್ಮನೆಂಟ್ ಕೆಲಸ," ಅಂದೆ, ಸಮಾಧಾನಕ್ಕೆ. ಅದು ಆಕೆಗೆ ಸಮಾಧಾನ ಕೊಟ್ಟ ಹಾಗೆ ಕಾಣಲಿಲ್ಲ.

ಹೋಗುವ ಮುಂಚೆ ಕೈಚೀಲದಿಂದ ಎರಡು ವಸ್ತು ತೆಗೆದರು. ಒಂದು, ಮುತ್ತಾತ ಇಂಗ್ಲೆಂಡಿನಿಂದ ತಂದ ಪ್ರಾರ್ಥನೆ ಪುಸ್ತಕ, ಕದ್ದದ್ದಲ್ಲ ಅಂತ ಈಗ ಬೇಸರದಿಂದ ಹೇಳಿದರು. ಅದರ ಕೊನೆಯಲ್ಲಿ, ಯಾರು ಯಾರನ್ನು ಮದುವೆಯಾಗಕೂಡದು ಅಂತ ಚರ್ಚಿನವರು ಅಚ್ಚು ಹಾಕಿಸಿದ ಉದ್ದನೆಯ ಪಟ್ಟಿ. ಗಂಡಸರಿಗೆ ಮೊದಲ ನಿಷೇಧ, ಸ್ವಂತ ಅಜ್ಜಿಯದ್ದು. ಇದನ್ನೂ ಹೇಳಿಕೊಡಬೇಕಾಗಿತ್ತಾ ಅಂತ ಇಬ್ಬರೂ ನಕ್ಕೆವು.

ಇನ್ನೊಂದು, ಅಗಲವಾದ ಖಾಲಿ ಚಾರ್ಟು. ಹುಡುಗಿಯ ಹೆಸರಿಗೆ ಒಂದು ಚೌಕ, ತಂದೆತಾಯಿಗೆ ಎರಡು, ಅಜ್ಜ ಅಜ್ಜಿಯರಿಗೆ ನಾಲ್ಕು, ಅವರ ತಂದೆತಾಯಿಯರಿಗೆ ಎಂಟು.

"ಅವರು ನಮ್ಮದು ಇಷ್ಟೆಲ್ಲ ಮಾಡಿಸಿದ್ದಾರೆ. ನಾವೂ ಅವರದು ನೋಡದಿದ್ದರೆ ಚೆನ್ನಾಗಿರುವುದಿಲ್ಲ," ಅಂದರು. ನಗುತ್ತಲೇ ಅಂದರು. ಆದರೆ ನಮ್ಮ ಆಂಟಿ ವಿಚಾರಿಸೋದು ಅಂದಾಗ ದನಿ ಹೇಗಿರುತ್ತಿತ್ತೋ, ಇದೂ ಅದೇ ದನಿ.

8. ಹದಿನೈದು ಚೌಕ

ಎರಡೂ ಕಡೆಯವರು ಆಸ್ಟಿನ್‌ನಲ್ಲಿ ಮಗಳ ಅಪಾರ್ಟ್‌ಮೆಂಟಿನಲ್ಲಿ ಸೇರುವುದು ಅಂತಾಯಿತು. ಆಂಟಿ ವಾಂಗೀಭಾತು, ಕೋಸಂಬರಿ, ಹಯಗ್ರೀವ ಎಲ್ಲ ಕೂಲರಿನಲ್ಲಿ ತುಂಬಿಕೊಂಡು ಹೂಸ್ಟನ್‌ನಿಂದ ಬಂದರು. ನಾವು ಡಾಲಸ್ ಕಡೆಯಿಂದ ಹುಡುಗನ ಅಜ್ಜಿಯನ್ನು ಕರೆದುಕೊಂಡು ಡ್ರೈವ್ ಮಾಡಿದೆವು. ದಾರಿಯುದ್ದಕ್ಕೂ ಆಕೆ ನಮ್ಮ ಮನೆಯವರನ್ನು ಕೇಳಿದ್ದು ಒಂದೇ: "ಆ ಹುಡುಗಿಯ ತಾಯಿಗೆ ಏನು ಅನುಮಾನ?"

"ಎಲ್ಲಾನೂ," ಅಂದರು ನಮ್ಮವರು.

ಆಂಟಿ ಬಾಗಿಲಲ್ಲೇ ನನ್ನನ್ನು ಅಡುಗೆಮನೆಗೆ ಎಳೆದುಕೊಂಡರು. "ಇವತ್ತು ಆ ಅಜ್ಜಿಯನ್ನ ಮಾತಾಡಿಸಿ ನೋಡ್ತೀನಿ. ಸರಿ ಅನ್ನಿಸಿದ್ರೆ ಹೂಂ ಅಂತೀನಿ. ಇಲ್ಲಾಂದ್ರೆ ಊಟ ಹಾಕಿ ಕಳಿಸ್ತೀನಿ. ನೀನು ಮಧ್ಯೆ ಮಾತಾಡ್ಬೇಡ."

"ಚಾರ್ಟ್ ತುಂಬಿಸಿದ್ರಾ?"

"ತುಂಬಿಸದೆ? ಒಂದು ಚೌಕ ಖಾಲಿ ಬಿಟ್ಟಿಲ್ಲ. ಅವರ ಥರ ಕ್ರಾಸ್ ಗುರುತು ಹಾಕೋರು ಯಾರೂ ಇಲ್ಲ ನಮ್ಮಲ್ಲಿ."

ಊಟ ಚೆನ್ನಾಗಿಯೇ ಆಯಿತು. ಹುಡುಗ ಹಯಗ್ರೀವ ಎರಡು ಸಲ ಹಾಕಿಸಿಕೊಂಡ, ಆಂಟಿ ನನ್ನ ಕಡೆ ಕಣ್ಣು ಹೊರಳಿಸಿದರು. ಆಮೇಲೆ ಅಜ್ಜಿ ಚಾರ್ಟನ್ನು ಮೇಜಿನ ಮೇಲೆ ಹರಡಿ ಭೂತಗನ್ನಡಿ ತೆಗೆದರು. ಆಂಟಿಯ ದುಂಡು ಅಕ್ಷರ. ಬಹಳ ಹೊತ್ತು ನೋಡಿದರು. ಬೆರಳು ಒಂದು ಚೌಕದಿಂದ ಇನ್ನೊಂದಕ್ಕೆ ಹೋಯಿತು, ವಾಪಸು ಬಂತು, ಮತ್ತೆ ಹೋಯಿತು.

"ಇದನ್ನು ನೀವು ಕಾಪಿ ಮಾಡಿದ್ದಾ?" ಅಂತ ನನ್ನನ್ನೇ ಕೇಳಿದರು.

"ಇಲ್ಲ, ಅವರೇ ಬರೆದದ್ದು."

"ಒಂದು ತಪ್ಪಾಗಿದೆ. ಇಲ್ಲಿ ನೋಡಿ, ಹುಡುಗಿಯ ತಂದೆಯ ತಂದೆತಾಯಿ. ಇಲ್ಲಿ ನೋಡಿ, ಹುಡುಗಿಯ ತಾಯಿಯ ತಾಯಿಗೆ ತಂದೆತಾಯಿ. ಎರಡೂ ಜಾಗದಲ್ಲಿ ಅದೇ ಇಬ್ಬರ ಹೆಸರು." ಕನ್ನಡಿ ಕೆಳಗಿಟ್ಟು ಆಂಟಿಯನ್ನು ನೋಡಿದರು. ನಾಲ್ಕು ಗಣತಿ ಓದಿ ಮುಗಿಸಿದವರ ಹಾಗಿತ್ತು ಆ ನೋಟ. "ಪೂರ್ವಜರು ಸಾಲದೆ ಹೋದರಾ?"

ಆಗ ನನಗೆ ಫೋನಿನಲ್ಲಿ ಕೇಳಿದ್ದು ನೆನಪಾಯಿತು. ನಮ್ಮಜ್ಜಿ, ಅದೇ ನಮ್ಮತ್ತೆ. ನಾನು ಅಂಕಲ್ ಕಡೆ ನೋಡಿದೆ. ಅವರು ನೆಮ್ಮದಿಯಾಗಿ ಮಜ್ಜಿಗೆ ಕುಡಿಯುತ್ತಿದ್ದರು.

"ತಪ್ಪೇನಿಲ್ಲ," ಅಂದರು ಇಂಗ್ಲಿಷಿನಲ್ಲಿ, ಲೋಟ ಇಟ್ಟು. "ಈಕೆ ನಮ್ಮಕ್ಕನ ಮಗಳು."

ನಮ್ಮ ಮನೆಯವರಿಗೆ, ನನಗೆ ಇದರಲ್ಲಿ ಏನೂ ಅನ್ನಿಸಲಿಲ್ಲ. ನಮ್ಮ ಕಡೆ ಸೋದರಮಾವನಿಗೆ ಕೊಡುವುದು ಬೀದಿಗೆರಡು ಮನೆಯಲ್ಲಿ. ಆದರೆ ಆ ಕಡೆ ಹುಡುಗನ ಚಮಚ ಬಾಯಿ ಹತ್ತಿರ ನಿಂತಿತ್ತು. ಮಗಳು ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ವರ್ಷಗಟ್ಟಲೆ ಜೊತೆಗೆ ಓಡಾಡಿದರೂ ಅವನಿಗೆ ಇದೊಂದು ಹೇಳಿರಲಿಲ್ಲ ಅಂತ ಕಾಣುತ್ತದೆ.

ಅಜ್ಜಿ ಕೈಚೀಲದಿಂದ ಮುತ್ತಾತನ ಪ್ರಾರ್ಥನೆ ಪುಸ್ತಕ ತೆಗೆದು ಕೊನೆಯ ಪುಟಕ್ಕೆ ಹೋದರು. ಪಟ್ಟಿಯ ಮೇಲಿಂದ ಬೆರಳು ಇಳಿಸುತ್ತಾ ಬಂದರು. ಅಜ್ಜಿ, ಅತ್ತೆ, ಹೆಂಡತಿಯ ಅಜ್ಜಿ, ಎಲ್ಲ ದಾಟಿ ಬೆರಳು ಕೆಳಗೆಲ್ಲೋ ನಿಂತಿತು. ಸೋದರಿಯ ಮಗಳು. ಪುಸ್ತಕವನ್ನು ತಿರುಗಿಸಿ ಆಂಟಿಯ ಮುಂದೆ ಇಟ್ಟರು.

ಇಷ್ಟು ವರ್ಷದಲ್ಲಿ ಆಂಟಿ ತಡವರಿಸಿದ್ದು ನಾನು ಅವತ್ತೇ ನೋಡಿದ್ದು. "ನಮ್ಮಲ್ಲಿ ಇದು ಬಹಳ ಒಳ್ಳೇ ಸಂಬಂಧ," ಅಂದರು ಇಂಗ್ಲಿಷಿನಲ್ಲಿ. "ಗೊತ್ತಿರೋ ಮನೆ. ಗೊತ್ತಿರೋ ಹುಡುಗ. ವಿಚಾರಿಸೋ ಅವಶ್ಯಕತೆಯೇ ಇಲ್ಲ."

"ಅದಕ್ಕೇ ಯಾರೂ ವಿಚಾರಿಸಲಿಲ್ಲ," ಅಂದರು ಅಂಕಲ್ ನನ್ನ ಕಡೆ ತಿರುಗಿ, ಕನ್ನಡದಲ್ಲಿ. "ಇಬ್ಬರಿಗೂ ಅದೇ ಆಗಿದ್ದು."

ಆಂಟಿ ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡರು. ಐದು ತಿಂಗಳಿನಿಂದ ಹೂಂ ಅನ್ನಬೇಕೋ ಉಹೂಂ ಅನ್ನಬೇಕೋ ಅಂತ ತೂಗುತ್ತಿದ್ದವರು, ಈಗ ಪಿಸುಗುಟ್ಟಿದ್ದು ಇಷ್ಟು: "ಬೇಡ ಅಂದುಬಿಡ್ತಾರೇನಮ್ಮ? ಮಗು ಏನು ಮಾಡ್ಕೊಳತ್ತೆ? ಏನಾದ್ರೂ ಹೇಳು ಅವರಿಗೆ."

ಮಧ್ಯೆ ಮಾತಾಡಬೇಡ ಅಂದಿದ್ದರಲ್ಲ, ನಾನು ಇನ್ನೊಂದು ಕೈಯಲ್ಲಿ ಮಜ್ಜಿಗೆ ಜಗ್ಗನ್ನು ಅಜ್ಜಿಯ ಕಡೆ ಸರಿಸಿದೆ.

ಅಜ್ಜಿ ಪುಸ್ತಕ ಮುಚ್ಚಿದರು. ಚಾರ್ಟು ಸುರುಳಿ ಸುತ್ತಿದರು. ತಮ್ಮ ಮೊಮ್ಮಗನನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿದರು, ಅಂಗಡಿಯಲ್ಲಿ ಸಾಮಾನು ನೋಡುವ ಹಾಗೆ. ಆಮೇಲೆ ಆಂಟಿಯ ಕೈ ಮೇಲೆ ಕೈಯಿಟ್ಟರು.

"ಮದುವೆ ಬೇಗ ಇಟ್ಟುಕೊಳ್ಳೋಣ," ಅಂದರು. "ನಿಮ್ಮ ಮನೆಗೆ ಹೊರಗಿನವನೊಬ್ಬ ತುರ್ತಾಗಿ ಬೇಕು."

ಅಂಕಲ್ ಎಲ್ಲರಿಗಿಂತ ಮೊದಲು ನಕ್ಕರು. ಆಮೇಲೆ ಮಗಳು, ಆಮೇಲೆ ಹುಡುಗ. ಅಜ್ಜಿ ಒಬ್ಬರನ್ನು ಬಿಟ್ಟು ಎಲ್ಲರೂ ನಕ್ಕರು, ಯಾಕೆಂದರೆ ಆಕೆ ತಮಾಷೆಗೆ ಹೇಳಿರಲಿಲ್ಲ. ತೀರ್ಪು ಕೊಟ್ಟು ಮುಗಿಸಿದವರ ಹಾಗೆ ಗಂಭೀರವಾಗಿ ಇನ್ನಷ್ಟು ಕೋಸಂಬರಿ ಕೇಳಿದರು. ಆಂಟಿ ತಾವೇ ಎದ್ದು ಬಡಿಸಿ, ಫೆಬ್ರವರಿಯಲ್ಲಿ ಒಳ್ಳೇ ಮುಹೂರ್ತ ಇದೆ, ಹೂಸ್ಟನ್‌ನಲ್ಲಿ ಹಾಲ್ ಸಿಗುತ್ತದೆ, ತಮ್ಮದೇನೂ ಅಭ್ಯಂತರ ಇಲ್ಲ ಅಂದರು. ಮಗಳು ಅಮ್ಮನ ಕುತ್ತಿಗೆಗೆ ಜೋತುಬಿದ್ದಳು. ಆಂಟಿಯ ಕೈಯಲ್ಲಿದ್ದ ಕೋಸಂಬರಿ ಪಾತ್ರೆ ನಾನು ಹಿಡಿದುಕೊಂಡೆ.

ಎಲೆ ಅಡಿಕೆ ತರಲು ಆಂಟಿ ಅಡುಗೆಮನೆಗೆ ಹೋದವರು ನನ್ನನ್ನು ಸನ್ನೆ ಮಾಡಿ ಕರೆದರು. ಕಣ್ಣು ಒದ್ದೆಯಾಗಿತ್ತು. ಸೆರಗಿನಲ್ಲಿ ಒರೆಸಿಕೊಂಡರು. ಊಟದ ಮೇಜಿನ ಕಡೆ ಒಮ್ಮೆ ಇಣುಕಿ, ಬಾಗಿಲು ಮುಂದಕ್ಕೆ ಹಾಕಿದರು.

"ನಮ್ಮ ಚಾರ್ಟ್ ನೋಡಿದ ಮೇಲೂ ಇಷ್ಟು ಬೇಗ ಒಪ್ಪಿಬಿಟ್ರಲ್ಲಮ್ಮ," ಅಂದರು. "ಅವರ ಕಡೆ ಏನೋ ಇರಬೇಕು. ಇನ್ನೊಂದು ರೀಲು ತರಿಸು."